ಬುಂದಾರನ ಸಿಂಹದೀಪ

ನಮ್ಮ ನಿಶಾಪುರದ ಕಂಚುಗಾರರ ಓಣಿಯ ಬುಂದಾರ್ ಉಸ್ತಾದನಿಗೆ ಸಿಂಹದ ದೀಪ ಮಾಡುವ ಹುಚ್ಚು. ಬೆನ್ನಿನ ತೂತಿಗೆ ಎಣ್ಣೆ ಹೊಯ್ದು ಬಾಯಿಗೆ ಬತ್ತಿಯಿಟ್ಟರೆ ಚೆನ್ನಾಗಿಯೇ ಉರಿಯುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಆಸಾಮಿ ಜನ್ಮದಲ್ಲಿ ಸಿಂಹವನ್ನು ಕಂಡವನಲ್ಲ. ನಾವೂ ಕಂಡಿರಲಿಲ್ಲ, ಆದರೂ ಅದು ಸಿಂಹದ ಹಾಗಿಲ್ಲ ಎನ್ನುವುದರಲ್ಲಿ ನಮಗೆ ಭಾರೀ ಪಾಂಡಿತ್ಯ. ನಾನು ಪಕ್ಕದಲ್ಲೇ ಬತ್ತಿ ಮಾರುವವನು. "ಕುರಿ ಚೆನ್ನಾಗ್ ಬಂದಿದೆ, ಉಸ್ತಾದ್" ಎಂದರೆ ಸಂಜೆವರೆಗೆ ಮಾತು ಬಿಡುತ್ತಿದ್ದ.

ಒಂದು ಚಳಿಗಾಲ ಪೂರ್ತಿ ಒದ್ದಾಡಿ, ಹಮಾಮೆಂಬ ಬಿಸಿನೀರ ಸ್ನಾನಗೃಹದ ಯಜಮಾನನಿಗೆಂದು ದೊಡ್ಡ ಸಿಂಹವೊಂದನ್ನು ಎರಕ ಹೊಯ್ದ. ಅಷ್ಟರಲ್ಲಿ ಹೊಸ ಮುಹ್ತಸಿಬ್ ಸಾಹೇಬರು ಬಂದರು. ಪೇಟೆಯ ತೂಕ, ಅಳತೆ, ನಡತೆ ನೋಡಿಕೊಳ್ಳುವ ಅಧಿಕಾರಿ. ತೂಕ, ಅಳತೆ ಬೇಸರದ ಕೆಲಸವಾದ್ದರಿಂದ ನಡತೆಯನ್ನೇ ಹಿಡಿದರು. ಪ್ರಾಣಿಯ ರೂಪ ಮಾಡುವುದು ಪಾಪವಂತೆ. ಕತ್ತು ಕೊಯ್ದರೆ ಜೀವ ಹೋದ ಲೆಕ್ಕ, ಆಮೇಲೆ ಇಟ್ಟುಕೊಳ್ಳಬಹುದಂತೆ. ಓಣಿಯ ಕಂಚಿನ ಹುಂಜ, ನವಿಲುಗಳೆಲ್ಲ ರುಂಡ ಕಳೆದುಕೊಂಡವು. ಸಿಂಹದ ಸರದಿ ಬಂತು. ತಲೆ ಹೋದ ದೀಪಕ್ಕೆ ಬತ್ತಿಯಿಡಲು ಬಾಯೆಲ್ಲಿರುತ್ತದೆ?

ಬುಂದಾರ್ ಕೈಮುಗಿದ. "ಸಾಹೇಬ್ರೇ, ಇದು ಯಾವ ಪ್ರಾಣಿ ಥರಾನೂ ಇಲ್ಲ. ಬೇಕಾದ್ರೆ ಓಣಿಯೋರ್ನ ಕೇಳಿ."

ಕೇಳಬೇಕೆ? ಸಾಕ್ಷಿ ಹೇಳಲು ಮುಗಿಬಿದ್ದೆವು. "ಕಾಲಿರೋ ಕುಂಬಳಕಾಯಿ" ಎಂದ ಒಬ್ಬ. "ಕುರಿ ಅಂದ್ರೆ ಕುರಿಗೇ ಅವಮಾನ, ಸಾಹೇಬ್ರೇ" ಎಂದೆ ನಾನು. ಸ್ನೇಹಿತನಿಗೆ ಇಷ್ಟೂ ಮಾಡದಿದ್ದರೆ ಹೇಗೆ? ಒಂದೊಂದು ಸಾಕ್ಷಿಗೂ ಬುಂದಾರನ ಮುಖ ಇಷ್ಟಿಷ್ಟೇ ಸಣ್ಣಗಾಗುತ್ತಿತ್ತು. ಸಾಹೇಬರು ಹೂಂ ಎನ್ನುವುದರಲ್ಲಿದ್ದರು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಬುಂದಾರ್ ಮಹಾಶಯ ಖಾತರಿಗೆಂದು ಮರ್ದಾವಿಜನನ್ನು ಕರೆಸಿದ. ಅವನು ವ್ಯಾಪಾರಿಗಳ ಒಂಟೆಸಾಲಿಗೆ ಕಾವಲುಗಾರ. ದಕ್ಷಿಣದ ಜೊಂಡುಗಾಡಿನಲ್ಲಿ ಸಿಂಹದ ಬಾಯಿಗೆ ಎರಡು ಬೆರಳು ಕೊಟ್ಟು ಬಂದವನು.

"ಸಿಂಹ ನೋಡಿರೋನು ಇವನೊಬ್ನೇ, ಸಾಹೇಬ್ರೇ. ಇವನೂ ಅಲ್ಲ ಅಂದ್ರೆ ಮುಗೀತು."

ಮರ್ದಾವಿಜ್ ಕಲ್ಲಂಗಡಿ ಬೀಜ ಅಗಿಯುತ್ತ ಒಳಗೆ ಬಂದ. ದೀಪ ಕಂಡದ್ದೇ ತಡ, ಹೊಸ್ತಿಲಿಗೆ ಹಿಂದೆ ಸರಿದ. ಮೊಂಡುಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ.

"ಹಾರೋಕ್ ಮುಂಚೆ ಹಿಂಗೇ ಹೆಗಲು ತಗ್ಗಿಸುತ್ತೆ," ಎಂದ ಮೆಲ್ಲಗೆ. "ಸಿಂಹಾನೇ."

ನಾವೆಲ್ಲ ನೆಲ ನೋಡಿದೆವು. ಸಾಹೇಬರು "ಕೊಯ್ಯಿರಿ" ಎಂದರು.

ಬೇರೆಯವರು ಕೊಯ್ದರೆ ಸೊಟ್ಟಗಾಗುತ್ತದೆಂದು ಬುಂದಾರ್ ಗರಗಸವನ್ನು ತಾನೇ ತೆಗೆದುಕೊಂಡ. ಅವನ ಕಣ್ಣಲ್ಲಿ ನೀರಾಡುತ್ತಿತ್ತು. ಪಾಪ ಎನಿಸಿತು, ಹತ್ತಿರ ಹೋದೆ. ಅವನಿಗೆ ನನ್ನ ಮೇಲೆ ಗಮನವೇ ಇಲ್ಲ. ಗರಗಸ ಎಳೆಯುತ್ತಲೇ ಹಿಂದಕ್ಕೆ ತಿರುಗಿ ಕೇಳುತ್ತಿದ್ದ:

"ಮರ್ದಾವಿಜಣ್ಣ, ಹಂಗೇ ಆ ಬಾಲಾನೂ ಒಂಚೂರು ನೋಡಿ ಹೇಳಪ್ಪ. ಬಾಲ ಸರಿಯಾಗಿದ್ಯಾ?"