ಬಾಟ್ಲಿ ಅಕ್ಕನ ತಿಳಿಹಸಿರು ಕಬ್ಬಿಣ

ಬೆಳಗಿನ ಆರು ಗಂಟೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಅಕ್ಕ ಒಬ್ಬರೇ ನಿಂತು ಬಾಟ್ಲಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಚೀಟಿಯ ಮೇಲೆ ಅವರದೇ ದುಂಡು ಅಕ್ಷರ: ಐರನ್ ಟೂ ಕ್ಲೋರೈಡ್, FeCl₂. ಒಳಗಿನ ದ್ರಾವಣ ತಿಳಿಹಸಿರು ಇರಬೇಕಿತ್ತು, ಹಳದಿಗೆ ತಿರುಗಿದೆ. ಒಂಬತ್ತಕ್ಕೆ ಪ್ರಾಕ್ಟಿಕಲ್ ಪರೀಕ್ಷೆ: ಚೀಟಿಯಿಲ್ಲದ ನಳಿಕೆಯಲ್ಲಿ ಕೊಟ್ಟ ದ್ರಾವಣ ಯಾವುದೆಂದು ಮಕ್ಕಳು ಗುರುತಿಸಬೇಕು.

"ಅಯ್ಯೋ ನಿನ್ನ! ಮತ್ತೆ ಗಾಳಿ ಕುಡಿದ್ಯಾ?" ಎಂದು ಬಾಟ್ಲಿಯನ್ನೇ ಗದರುತ್ತಾರೆ.

ಇಪ್ಪತ್ತೆರಡು ವರ್ಷದಿಂದ ಇಲ್ಲಿನ ನೂರನಲವತ್ತು ಬಾಟ್ಲಿಗಳಿಗೆ ಚೀಟಿ ಬರೆಯುವವರು ಇವರೇ. ಮಕ್ಕಳ ಬಾಯಲ್ಲಿ 'ಬಾಟ್ಲಿ ಅಕ್ಕ'. "ಹೊರಗಡೆ ಹಾಗೆ ಕರೀಬೇಡ್ರೋ, ಜನ ಏನಂದ್ಕೋತಾರೆ!" ಎಂದು ನಗುತ್ತಾರೆ. ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ಗಾಜಿನ ನಳಿಕೆ ತೊಳೆಯಲು ಸೇರಿದವರು ಸೂತ್ರ ಕಲಿತದ್ದು ಬೆರಳೆಣಿಸಿಕೊಂಡೇ.

"ಸೋಡಿಯಂಗೆ ಒಂದು ಕೈ, ಕ್ಯಾಲ್ಸಿಯಂಗೆ ಎರಡು, ಅಲ್ಯೂಮಿನಿಯಂಗೆ ಮೂರು. ಕ್ಲೋರಿನ್ನಿಗೆ ಒಂದೇ. ಯಾರ ಕೈಯೂ ಖಾಲಿ ಇರಬಾರ್ದು. ಅದಕ್ಕೇ NaCl, CaCl₂, AlCl₃. ಲೋಹದ ಹೆಸರು ಮೊದ್ಲು, ಹಿಂದೆ ಬರೋ ಕ್ಲೋರಿನ್ನು ಕ್ಲೋರೈಡ್ ಆಗುತ್ತೆ. ಈ ಕಬ್ಬಿಣ ಮಾತ್ರ ತರ್ಲೆ. ಒಮ್ಮೆ ಎರಡು ಕೈ, ಒಮ್ಮೆ ಮೂರು. ಟೂನೋ ತ್ರೀನೋ ಅಂತ ಹೆಸರಲ್ಲೇ ಹೇಳ್ಬೇಕು."

ಗಾಳಿ ಸೋಕಿದರೆ ತಿಳಿಹಸಿರು ಟೂ ಮೆಲ್ಲಗೆ ಹಳದಿ ತ್ರೀ ಆಗಿಬಿಡುತ್ತದೆ. ನಾಲ್ಕು ವರ್ಷದ ಹಿಂದೆ ಇಂಥದೇ ಪರೀಕ್ಷೆಯ ದಿನ ಅಕ್ಕ ಚೀಟಿ ನೋಡಿದರು, ಒಳಗೇನಿದೆ ಎಂದು ನೋಡಲಿಲ್ಲ. ಹುಡುಗಿಯೊಬ್ಬಳು ಕಂಡದ್ದನ್ನು ಕಂಡಂತೆ FeCl₃ ಎಂದು ಬರೆದಳು. ಬಾಟ್ಲಿಯ ಚೀಟಿಯಲ್ಲಿ FeCl₂ ಎಂದಿದ್ದರಿಂದ ಪರೀಕ್ಷಕರು ಕೆಂಪು ಗೀಟು ಎಳೆದರು. ಅವಳು ಮೆಟ್ಟಿಲ ಮೇಲೆ ಕೂತು ಅಳುವುದು ಅಕ್ಕನ ಕಣ್ಣಿಗೆ ಬಿತ್ತು. ಕೆಲಸ ಹೋದರೆ ಹೋಗಲಿ ಎಂದು ಪರೀಕ್ಷಕರ ಮುಂದೆ ನಿಂತು ತಪ್ಪು ಒಪ್ಪಿಕೊಂಡರು. ಹುಡುಗಿಗೆ ಅಂಕ ಸಿಕ್ಕಿತು, ಅಕ್ಕನಿಗೆ ಎಲ್ಲರೆದುರು ಬೈಗುಳ ಸಿಕ್ಕಿತು.

ಈಗ ಕೆಮಿಸ್ಟ್ರಿ ಮೇಷ್ಟರಿಗೆ ಫೋನು. "ಸಾರ್, ಟೂ ಕೆಟ್ಟಿದೆ. ಬೇಗ ಬನ್ನಿ."

"ಚೀಟಿ ಸರಿಯಿದೆ ತಾನೇ ಅಕ್ಕಾ? ನಡೆಯುತ್ತೆ ಬಿಡಿ."

"ಚೀಟಿ ಸರಿಯಿದೆ ಸಾರ್, ಬಾಟ್ಲಿ ಸರಿಯಿಲ್ಲ. ನೀವು ಬರೋವರ್ಗೂ ಬಾಗಿಲು ತೆಗೆಯಲ್ಲ."

ತಲೆ ಬಾಚದೆ, ಗೊಣಗುತ್ತಾ ಮೇಷ್ಟರು ಬರುತ್ತಾರೆ. ಎಂಟೂವರೆಗೆ ಹೊಸ ದ್ರಾವಣ ತಿಳಿಹಸಿರಾಗಿ ಸಿದ್ಧ.

ಪರೀಕ್ಷೆ ಮುಗಿಸಿ ಬಂದ ಹುಡುಗಿಯೊಬ್ಬಳು ಪಿಸುಗುಡುತ್ತಾಳೆ: "ಅಕ್ಕಾ, ನಂಗೆ ಕಬ್ಬಿಣ ಬಂದಿತ್ತು. ಟೂ ಅಂತ ಬರ್ದೆ. ಸರೀನಾ?"

"ಕಂಡಿದ್ದನ್ನೇ ಬರ್ದೆ ತಾನೇ?"

"ಹೂಂ."

"ಹಾಗಾದ್ರೆ ನೆಮ್ಮದಿಯಾಗಿ ಮನೆಗೆ ಹೋಗು ಮಗಳೇ. ಇವತ್ತು ನನ್ನ ಬಾಟ್ಲಿ ಸುಳ್ಳು ಹೇಳಿಲ್ಲ."