ತಟ್ಟೆಯ ಅರಳಿಗೆ ಮುಂಜಿ

ಬದರಿನಾಥನಿಗೆ ಮನುಷ್ಯರೆಂದರೆ ತಾತ್ಸಾರ. ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು, ಜಯನಗರದ ಐದನೇ ಬ್ಲಾಕಿನಲ್ಲಿ ತಾರಸಿ ಮನೆ ಕಟ್ಟಿಸಿಕೊಂಡಿದ್ದ ಈ ಆಸಾಮಿಯ ಕಣ್ಣಿಗೆ ಪಕ್ಕದ ಮನೆಯವರು ದಡ್ಡರು, ಎದುರು ಮನೆಯವರು ಜಿಪುಣರು, ಆಫೀಸಿನವರು ಗುಲಾಮರು. ದೇವಸ್ಥಾನಕ್ಕೆ ಹೋಗುವವರಂತೂ ಬರೀ ಕುರಿಗಳು. ಆ ಕುರಿಗಳಲ್ಲಿ ಮೊದಲನೆಯವಳು ಅವನ ಹೆಂಡತಿ ನಾಗಲಕ್ಷ್ಮಿ.

ಮಕ್ಕಳಾಗಲೆಂದು ಆಕೆ ಶನಿವಾರ ಶನಿವಾರ ಅರಳಿ ಕಟ್ಟೆ ಸುತ್ತುತ್ತಿದ್ದಳು. ವರ್ಷಗಳು ಉರುಳಿದವು, ಮಕ್ಕಳಾಗಲಿಲ್ಲ. "ಗಾಣದೆತ್ತೂ ಸುತ್ತತ್ತೆ ಕಣೇ, ಅಲ್ಲಿ ಎಣ್ಣೆನಾದ್ರೂ ಬರತ್ತೆ" ಎಂದು ಬದರಿನಾಥ ಒಮ್ಮೆ ನೆಂಟರ ಎದುರಿಗೇ ಹೇಳಿ ಹಲ್ಲು ಕಿರಿದ. ನೆಂಟರೂ ನಕ್ಕರು. ಮಾರನೆಯ ಶನಿವಾರದಿಂದ ಅವಳು ಕಟ್ಟೆಯ ಕಡೆ ತಲೆ ಹಾಕಲಿಲ್ಲ.

ಇಂಥವನು ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಬೋನ್ಸಾಯ್ ಕ್ಲಬ್ಬು ಸೇರಿದ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿ ಗುರುಬಸಪ್ಪ ಜಪಾನಿಗೆ ಹೋಗಿ ಬಂದವನು ಸುಮ್ಮನಿರಲಾರದೆ ಕಟ್ಟಿದ ಕ್ಲಬ್ಬು ಅದು. ತಿಂಗಳಿಗೊಂದು ಭಾನುವಾರ ನಾಲ್ಕನೇ ಬ್ಲಾಕಿನ ಅವನ ಬಂಗಲೆಯಲ್ಲಿ ಎಲ್ಲರೂ ಸೇರಿ, ಗಿಡಗಳಿಗೆ ತಾಮ್ರದ ತಂತಿ ಸುತ್ತಿ, ಬೇರು ಕತ್ತರಿಸಿ, ಬೋಂಡಾ ತಿಂದು ಹೋಗುತ್ತಿದ್ದರು. ಗಿಡ ಬೆಳೆಯದಂತೆ ನೋಡಿಕೊಳ್ಳುವುದೇ ಅವರ ಕಸುಬು. ಸದಸ್ಯರ ಹುಚ್ಚು ಮಾತ್ರ ಸಿಕ್ಕಾಪಟ್ಟೆ ಬೆಳೆಯಿತು. ಮೊದಲು ಗಿಡ, ಆಮೇಲೆ ಜಪಾನಿ ಬೀಸಣಿಗೆ, ಆಮೇಲೆ ಹಿಡಿಯಿಲ್ಲದ ಬಟ್ಟಲಿನಲ್ಲಿ ಸಕ್ಕರೆಯಿಲ್ಲದ ಹಸಿರು ಟೀ. ಅದನ್ನು ಕುಡಿದು ಮುಖ ಕಿವುಚಿಕೊಂಡು "ಆಹಾ" ಎನ್ನುವುದು. ಸದಸ್ಯೆ ಕಮಲಾದೇವಿ ರೇಷ್ಮೆ ಸೀರೆಯ ಮೇಲೊಂದು ಕಿಮೋನೊ ತೊಟ್ಟು ಬಂದ ದಿನ ಬೀದಿಯ ನಾಯಿಗಳು ಅವಳನ್ನು ಗೇಟಿನವರೆಗೂ ಅಟ್ಟಿಸಿಕೊಂಡು ಬಂದವು. ನಾಯಿಗಳಿಗಿರುವ ಬುದ್ಧಿ ಆ ಬಂಗಲೆಯೊಳಗೆ ಯಾರಿಗೂ ಇರಲಿಲ್ಲ.

ಬದರಿನಾಥ ಇವರನ್ನೆಲ್ಲ ಮನಸ್ಸಿನಲ್ಲೇ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದ. ಆದರೂ ತಪ್ಪದೆ ಹೋಗುತ್ತಿದ್ದ. ಅವನಿಗೆ ಬೇಕಾದದ್ದು ಒಂದೇ: ವಾರ್ಷಿಕ ಪ್ರದರ್ಶನದ ಮೊದಲ ಬಹುಮಾನ. ಪ್ರತಿ ವರ್ಷ ಅದನ್ನು ಗುರುಬಸಪ್ಪನೇ ಹೊಡೆದುಕೊಳ್ಳುತ್ತಿದ್ದ. ಬಸವನಗುಡಿಯಲ್ಲಿ ಕೆಡವುತ್ತಿದ್ದ ಹಳೇ ಛತ್ರದ ಗೋಡೆಯಿಂದ ಬದರಿನಾಥ ಕಿತ್ತು ತಂದಿದ್ದ ಅರಳಿ, ತಟ್ಟೆಯಲ್ಲಿ ಮುದುಕನಂತೆ ಬಾಗಿ ಸೊಗಸಾಗಿ ಬಂದಿತ್ತು. ಜೀವಮಾನದಲ್ಲಿ ಯಾರೂ ಅವನ ಬೆನ್ನು ತಟ್ಟಿರಲಿಲ್ಲ. ಈ ಗಿಡ ತಟ್ಟಿಸುತ್ತದೆ ಎಂದು ನಂಬಿದ್ದ.

ಎಂಬತ್ತಮೂರರ ಪ್ರದರ್ಶನಕ್ಕೆ ಮುಂಚೆ ಕಮಲಾದೇವಿಗೆ ಹೊಸ ಹುಚ್ಚು ಹತ್ತಿತು. "ಅರಳಿ ಮರಕ್ಕೆ ಮುಂಜಿ ಮಾಡ್ತಾರಲ್ಲ, ಬದರಿ ಸಾರ್ ಗಿಡಕ್ಕೂ ಮಾಡ್ಸೋಣ! ಪೇಪರ್‌ನೋರು ಓಡಿ ಬರ್ತಾರೆ, ಸಖತ್ತಾಗಿರತ್ತೆ."

ಬದರಿನಾಥ ಮೂಗು ಮುರಿದ. ಆದರೆ ಪೇಪರಿನಲ್ಲಿ ಬರುವುದು ತನ್ನ ಗಿಡ, ತನ್ನ ಮುಖ. ಒಪ್ಪಿಕೊಂಡ.

ತಂದೆ ತಾಯಿಯ ಸ್ಥಾನದಲ್ಲಿ ದಂಪತಿ ಕೂರಬೇಕೆಂದರು ಪುರೋಹಿತರು. ನಾಗಲಕ್ಷ್ಮಿ ಧಾರೆ ಸೀರೆ ಉಟ್ಟು ಬಂದಳು. ತಾಯಿ ಮಗನಿಗೆ ಉಣಿಸುವ ಶಾಸ್ತ್ರದಲ್ಲಿ ಹಾಲು ಅನ್ನದ ತುತ್ತನ್ನು ಗಿಡದ ಬುಡದಲ್ಲಿಟ್ಟು, ಕೈ ತೆಗೆಯುವುದನ್ನೇ ಮರೆತು ಕೂತಳು. ಬದರಿನಾಥ ಗಿಡಕ್ಕೆ ಜನಿವಾರ ಹಾಕಿ, ಪಂಚೆ ಮರೆ ಮಾಡಿಕೊಂಡು ಕಾಂಡಕ್ಕೆ ಗಾಯತ್ರಿ ಉಸುರುವಾಗ ಹೊರಗಿದ್ದವರು ಕಿಸಕ್ಕನೆ ನಕ್ಕರು. ಅವನೂ ಒಳಗೇ ನಕ್ಕ. ಫೋಟೋ ಪೇಪರಿನಲ್ಲಿ ಬಂತು. ಬಹುಮಾನ ಮಾತ್ರ ಮಾಮೂಲಿನಂತೆ ಗುರುಬಸಪ್ಪನಿಗೇ ಹೋಯಿತು.

ಮರುವರ್ಷ ಬೊಂಬಾಯಿಯಿಂದ ತೀರ್ಪುಗಾರರು ಬರುತ್ತಾರೆಂದು ಗೊತ್ತಾಯಿತು. ಇನ್ನು ಗುರುಬಸಪ್ಪನ ಆಟ ನಡೆಯದು. ಅರಳಿಯ ಬೇರು ಕತ್ತರಿಸಿ, ಚಿಗುರು ಸವರಿ ಅಣಿ ಮಾಡಲೆಂದು ಬದರಿನಾಥ ಕತ್ತರಿ ಹಿಡಿದು ತಾರಸಿ ಹತ್ತಿದ. ನಾಗಲಕ್ಷ್ಮಿ ಗಿಡಕ್ಕೆ ಅಡ್ಡ ನಿಂತಿದ್ದಳು.

"ಏನ್ರೀ ಅದು ಕೈಲಿ?"

"ಕಾಣಲ್ವಾ? ಬೇರು ಕತ್ತರಿಸ್ಬೇಕು, ಸರಿ ಅತ್ಲಾಗೆ."

"ಮುಂಜಿ ಮಾಡಿದ ಮಗನ ಕಾಲು ಕತ್ತರಿಸ್ತೀರಾ?"

"ಮಗ ಅಂತೆ ಮಗ! ಅದು ಪೇಪರ್‌ನೋರಿಗೆ ಮಾಡಿದ ನಾಟಕ ಕಣೇ."

"ನಿಮಗೆ ನಾಟಕ. ನಾನು ತುತ್ತು ಕೊಟ್ಟಿದೀನಿ" ಎಂದಳು. ಅಷ್ಟು ಗಟ್ಟಿಯಾಗಿ ಅವಳು ಅವನೊಡನೆ ಎಂದೂ ಮಾತಾಡಿದವಳಲ್ಲ.

ಅವನು ಬಾಯಿಗೆ ಬಂದಂತೆ ಬೈದು ಕೆಳಗಿಳಿದ. ಮರುದಿನ ಬೆಳಿಗ್ಗೆ ಅವಳು ತರಕಾರಿಗೆಂದು ಹೋದದ್ದೇ ತಡ, ಮತ್ತೆ ಹತ್ತಿದ. ಗಿಡವನ್ನು ತಟ್ಟೆಯಿಂದ ಎತ್ತಿದ. ಕಾಂಡದ ಮೇಲೆ ಹಳೇ ಜನಿವಾರ ಇರಲಿಲ್ಲ, ಅರಿಶಿನ ಹಚ್ಚಿದ ಹೊಸದಿತ್ತು. ನೂಲು ಹುಣ್ಣಿಮೆಯ ದಿನ ಅವಳೇ ಬದಲಾಯಿಸಿರಬೇಕು. ತನ್ನದನ್ನು ಬದರಿನಾಥ ಯಾವುದೋ ಕಾಲದಲ್ಲೇ ಗೂಟಕ್ಕೆ ನೇತು ಹಾಕಿದ್ದ. ಕತ್ತರಿಯ ಬಾಯಿ ತೆರೆದ. ಅಕ್ಕಪಕ್ಕದ ತಾರಸಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ತಡೆಯುವವರಿಲ್ಲ, ನಗುವವರಿಲ್ಲ. ಊರನ್ನೆಲ್ಲ ಕುರಿಗಳೆಂದ ಮಹಾನುಭಾವ ತೆರೆದ ಕತ್ತರಿಯನ್ನು ಹಾಗೇ ಕೆಳಗಿಟ್ಟ. ಅವನಿಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಗಿಡವನ್ನು ತಟ್ಟೆಯಲ್ಲಿಟ್ಟು ಮಣ್ಣು ಮುಚ್ಚಿದ.

ಪ್ರದರ್ಶನದಲ್ಲಿ ಆ ಅರಳಿ ತಲೆ ಕೆದರಿದ ಹುಚ್ಚನಂತೆ ಕಾಣುತ್ತಿತ್ತು. ಬೊಂಬಾಯಿಯವರು ನಿಂತು ನೋಡುವ ಗೋಜಿಗೂ ಹೋಗಲಿಲ್ಲ. "ಏನ್ ಬದರಿ ಸಾರ್, ಮಗನಿಗೆ ಕ್ಷೌರ ಮಾಡ್ಸಿಲ್ವಾ?" ಎಂದ ಗುರುಬಸಪ್ಪ, ಬಹುಮಾನದ ಕಪ್ಪನ್ನು ಕಂಕುಳಲ್ಲಿ ಒತ್ತಿಕೊಂಡು. ಕ್ಲಬ್ಬಿಗೆ ಬದರಿನಾಥ ಹೋದದ್ದು ಅದೇ ಕೊನೆ. ಮುಂದಿನ ಭಾನುವಾರ ಗಂಡ ಹೆಂಡತಿ ಬನಶಂಕರಿ ಎರಡನೇ ಹಂತದ ಪಾರ್ಕೊಂದರ ಮೂಲೆಯಲ್ಲಿ ಗುಂಡಿ ತೋಡಿ ಅರಳಿಯನ್ನು ನೆಲಕ್ಕಿಳಿಸಿದರು. ಅಷ್ಟು ವರ್ಷ ಹಿಡಿದಿಟ್ಟ ಬೆಳವಣಿಗೆಗೆಲ್ಲ ಸೇಡು ತೀರಿಸಿಕೊಳ್ಳುವಂತೆ ಅದು ಎತ್ತರಕ್ಕೆ ಬೆಳೆಯಿತು.

ಎಂಬತ್ತೊಂಬತ್ತರಲ್ಲಿ ಒಂದು ಬೆಳಿಗ್ಗೆ ಅವರಿಬ್ಬರೂ ಪಾರ್ಕಿಗೆ ಬಂದಾಗ ಲೈನ್‌ಮನ್ ಒಬ್ಬ ಮರಕ್ಕೆ ಏಣಿ ಆನಿಸುತ್ತಿದ್ದ. "ಸೈಡಿಗೆ ಬನ್ನಿ ಸಾರ್, ವೈರಿಗೆ ತಾಗ್ತೈತೆ, ಕೊಂಬೆ ಕಡೀಬೇಕು."

"ಕೈ ಇಟ್ಯೋ ಹುಷಾರ್!" ಬದರಿನಾಥ ಕಿರುಚಿದ. "ವೈರ್ ಬೇಕಾದ್ರೆ ಅತ್ಲಾಗೆ ಎಳ್ಕೊ. ಮುಂಜಿ ಮಾಡಿದೀನಿ ಇವನಿಗೆ. ನನ್ನ ಮಗ ಇವನು!"

ವಾಕಿಂಗಿಗೆ ಬಂದಿದ್ದ ಗುರುಬಸಪ್ಪನೂ ಕ್ಲಬ್ಬಿನ ಪಟಾಲಮ್ಮೂ ಅಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಥವನ ಜೊತೆ ಯಾಕೆ ಎಂದುಕೊಂಡು ಲೈನ್‌ಮನ್ ಏಣಿ ಹೊತ್ತು ನಡೆದ.

ನಾಗಲಕ್ಷ್ಮಿ ನೀರಿನ ಚೊಂಬನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಎಷ್ಟೋ ವರ್ಷಗಳ ಮೇಲೆ ಅರಳಿ ಸುತ್ತತೊಡಗಿದಳು. ಬದರಿನಾಥ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಅವಳ ಹಿಂದೆ ಹೊರಟ.

ಅವಳು ತಿರುಗಿ ನೋಡದೆ ಕೇಳಿದಳು: "ಎಣ್ಣೆ ಬರತ್ತೇನ್ರೀ?"

ಬದರಿನಾಥ ತಲೆ ತಗ್ಗಿಸಿಕೊಂಡು ಸುತ್ತಿದ.