ಚಿಕ್ಕಮುನಿಯಪ್ಪನವರ ಕಾರಿಗೆ ಎಷ್ಟು ಇಂಚು ನೀರು

ಗಿರಾಕಿಗಳಲ್ಲಿ ಎರಡು ತಳಿ. ಮೆಕ್ಯಾನಿಕ್ ಕೈಯಲ್ಲಿ ಚೀಟಿ ಬರೆಸಿಕೊಂಡು ಸಾಮಾನು ಒಯ್ಯುವವರು ಅಂಗಡಿಗೆ ಒಂದೇ ಸಲ ಬರುತ್ತಾರೆ. "ನಾನೇ ಮನೇಲಿ ಹಾಕ್ಕೊಳ್ತೀನಿ" ಎನ್ನುವವರು ನಾಲ್ಕು ಸಲ ಬರುತ್ತಾರೆ. ತುಮಕೂರು ರಸ್ತೆಯ ಮಾಕಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಡಿ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ನನಗೆ ಎರಡನೆಯ ತಳಿಯ ಮೇಲೆ ಮೊದಲಿಂದಲೂ ಒಂದು ಗೌರವ. ನಮ್ಮ ಎದುರು ಮನೆಯ ಚಿಕ್ಕಮುನಿಯಪ್ಪನವರು ಈ ತಳಿಗೆ ಸೇರಿದ್ದು ಹೋದ ಮಾರ್ಚಿನಲ್ಲಿ.

ಅವರು ಇದೇ ಊರಲ್ಲಿ ಹುಟ್ಟಿದವರು. ರಾಗಿ ಬೆಳೆಯುತ್ತಿದ್ದ ಹೊಲದ ಒಂದು ಮೂಲೆಗೆ ಮೊದಲು ಸ್ಕ್ರೂ ಮಾಡುವ ಫ್ಯಾಕ್ಟರಿ ಬಂತು, ಆಮೇಲೆ ಡಬ್ಬಿ ಮಾಡುವ ಫ್ಯಾಕ್ಟರಿ, ಆಮೇಲೆ ಹೊಲವೇ ಇರಲಿಲ್ಲ. ಉಳಿದ ಜಾಗದಲ್ಲಿ ಹದಿನೆಂಟು ಬಾಡಿಗೆ ರೂಮುಗಳು ಎದ್ದವು. ಅವುಗಳ ಬಾಗಿಲು, ಬೀಗ, ನಲ್ಲಿ, ಜಗಳ ಎಲ್ಲವೂ ಅವರ ಹೆಂಡತಿ ಸೊಣ್ಣಮ್ಮನವರ ಕೈಯಲ್ಲಿ. ಚಿಕ್ಕಮುನಿಯಪ್ಪನವರಿಗೆ ಉಳಿದದ್ದು ಹಳೆಯ ಹೆಸರು ಮಾತ್ರ. ಏನೆಂದರೆ, ಒಂದು ಕಾಲದಲ್ಲಿ ಸುತ್ತಲ ಏಳೂರಿನ ಬಾವಿ, ಬೋರ್‌ವೆಲ್‌ಗಳಿಗೆ ಪಂಪು ಇಳಿಸುತ್ತಿದ್ದವರು ಅವರೇ. ಪಂಪು ಇಳಿಸಿ, ಸ್ವಿಚ್ ಹಾಕಿ, ಪೈಪಿನಿಂದ ಹೊರಬಿದ್ದ ನೀರನ್ನು ಕಣ್ಣಲ್ಲೇ ಅಳೆದು "ಎರಡಿಂಚು" ಎಂದರೆ ಎರಡಿಂಚೇ. ಆ ಮಾತಿನ ಮೇಲೆ ಮದುವೆ ಸಂಬಂಧಗಳು ಕುದುರಿದ್ದುಂಟಂತೆ.

ಈಗ ಊರಲ್ಲಿ ಬಾವಿಯಿಲ್ಲ. ಬೋರ್ ಕೆಟ್ಟರೆ ಯಾರೋ ಕ್ರೇನು ತಂದು ಪಂಪು ಎತ್ತಿಕೊಂಡು ಹೋಗುತ್ತಾರೆ. ಮನೆಯಲ್ಲೂ ಚಿಕ್ಕಮುನಿಯಪ್ಪನವರಿಗೆ ಜಾಗವಿಲ್ಲ. ಪಡಸಾಲೆಗೆ ಅಡ್ಡಗೋಡೆ ಎಬ್ಬಿಸಿ ಅದನ್ನೂ ಹದಿನೆಂಟರಲ್ಲೊಂದು ಮಾಡಿ ಸೊಣ್ಣಮ್ಮ ಬಾಡಿಗೆಗೆ ಕೊಟ್ಟಾಯಿತು. ಉಳಿದದ್ದು ಶೆಡ್ಡಿನಲ್ಲಿದ್ದ ಹಳೆಯ ಬಿಳಿ ಡೀಸೆಲ್ ಕಾರು. ಅವರು ಅದನ್ನು ಓಡಿಸುತ್ತಿದ್ದುದು ಕಡಿಮೆ, ಕೂರುತ್ತಿದ್ದುದು ಜಾಸ್ತಿ. ಸಾಯಂಕಾಲ ಐದಾದರೆ ಡ್ರೈವರ್ ಸೀಟಿನಲ್ಲಿ ಕೂತು, ಗಾಜು ಏರಿಸಿ, ರೇಡಿಯೋ ಹಾಕಿ, ತೊಡೆಯ ಮೇಲೆ ಹುರಿದ ಕಡಲೆಕಾಯಿ ಸುರಿದುಕೊಂಡರೆ ಏಳೂವರೆಯವರೆಗೆ ಅವರು ಯಾರಿಗೂ ಸೇರಿದವರಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ಅವರ ಸ್ವಂತ ರೂಮೆಂದರೆ ಅದೇ.

ಅಂಥ ಕಾರಿನ ವಾಟರ್ ಪಂಪ್ ಕೆಟ್ಟಿತು. ಸ್ಟಾರ್ಟ್ ಮಾಡಿದರೆ ಹಂದಿಮರಿ ತುಳಿದ ಹಾಗೆ ಕೀಂ ಎನ್ನುವುದು, ಕೆಳಗೆ ಕೊಚ್ಚೆ. ಸೊಣ್ಣಮ್ಮ ಬಹಳ ದಿನದಿಂದ ಇದಕ್ಕೇ ಕಾದಿದ್ದರು. ಗಾರೆ ಮೇಸ್ತ್ರಿ ನಲ್ಲಪ್ಪನನ್ನು ಕರೆಸಿ ಶೆಡ್ಡನ್ನು ತೋರಿಸಿದರು. ಅವರ ಮಾತು ರಸ್ತೆಯ ಈಚೆ ನನ್ನ ಅಂಗಡಿಗೂ ಕೇಳುತ್ತಿತ್ತು. "ಅತ್ತು ಅನ್ನೆರಡಡಿ ಬತ್ತದಾ ನೋಡಪ್ಪ. ಇನ್ನೊಂದು ರೂಮಾಯ್ತದೆ."

"ನನ್ ಕಾರು?" ಎಂದರು ಚಿಕ್ಕಮುನಿಯಪ್ಪ.

"ನೋಡಿ, ಬಾನುವಾರ ಅತ್ತು ಗಂಟೆ ಒಳಗೆ ಅದು ತನ್ ಕಾಲ್ ಮೇಲೆ ತಾನು ಗೇಟು ದಾಟ್ಬೇಕು. ದಾಟಿದ್ರೆ ಗುಜರಿಗೆ ಆಕಲ್ಲ. ದಾಟ್ಲಿಲ್ವಾ, ಗುಜರಿಯೋರು ತಳ್ಕೊಂಡೋಯ್ತಾರೆ. ಇಷ್ಟೇ ನನ್ ಮಾತು."

ಆ ದಿನ ಗುರುವಾರ. ಹತ್ತೇ ನಿಮಿಷಕ್ಕೆ ಚಿಕ್ಕಮುನಿಯಪ್ಪ ನನ್ನ ಅಂಗಡಿಯಲ್ಲಿದ್ದರು.

ನಾನು ಪಂಪನ್ನು ಡಬ್ಬಿಯಿಂದ ತೆಗೆದು ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು, ಮೂಸಿ ನೋಡಿದರು, ಆಮೇಲೆ ಡಬ್ಬಿಯೊಳಗೆ ಇಣುಕಿದರು. ಪಂಪಿನ ಉಳಿದ ಭಾಗ ಅಲ್ಲಿರಬಹುದೆಂದುಕೊಂಡಿದ್ದರು.

"ಇಷ್ಟೇನಾ ಶೆಟ್ರೇ? ಎಷ್ಟು ಎಚ್‌ಪಿ ಇದು?"

"ಇದಕ್ಕೆ ಎಚ್‌ಪಿ ಇಲ್ಲಣ್ಣ. ಬೆಲ್ಟ್ ತಿರುಗಿಸುತ್ತೆ, ಇದು ತಿರುಗುತ್ತೆ."

"ಎಷ್ಟಡಿ ಎತ್ತತದೆ?"

"ಎತ್ತೋದೇನು, ಎಂಜಿನ್ನಿಂದ ರೇಡಿಯೇಟರ್‌ಗೆ, ರೇಡಿಯೇಟರ್‌ನಿಂದ ಎಂಜಿನ್‌ಗೆ ಸುತ್ತಿಸುತ್ತೆ. ಒಂದಡಿ ಅಂದ್ಕೊಳ್ಳಿ."

"ಒಂದಡಿಗೆ ಪಂಪಾ!" ಅವರು ಪಂಪನ್ನು ಕನಿಕರದಿಂದ ನೋಡಿದರು. "ಚೊಂಬಲ್ಲಿ ಉಯ್ಬೋದಿತ್ತಲ್ರೀ."

"ಮೆಕ್ಯಾನಿಕ್ ಕರೀಲಾ ಅಣ್ಣ?"

"ನಾನ್ನೂರಡಿ ಬೋರಿಗೆ ಪಂಪ್ ಇಳಿಸಿದೋನು ಶೆಟ್ರೇ ನಾನು. ಒಂದಡಿಗೆ ಮೆಕ್ಯಾನಿಕ್ ಕರೆದ್ರೆ ಮಾನ ಇರ್ತದಾ?"

ಆದರೂ ನಾನು ಹೇಳುವುದನ್ನು ಹೇಳಿದೆ. ನೀರು ಸೋರದಂತೆ ಪಂಪಿನಡಿಗೆ ಇಡುವ ಗ್ಯಾಸ್ಕೆಟ್ ಹಾಳೆಯ ಹಳೆಯ ಚೂರನ್ನೆಲ್ಲ ಕೆರೆದು ತೆಗೆಯಬೇಕು. ಬೋಲ್ಟುಗಳನ್ನು ಒಂದರ ಎದುರಿಗಿನದು ಒಂದು ಎಂಬಂತೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಬರೀ ನೀರು ಬೇಡ, ಕೂಲಂಟ್ ಹಾಕಬೇಕು. ಹೊಸ ಅಳಿಯ ಕೃಷಿಯ ಬಗ್ಗೆ ಮಾತಾಡಿದರೆ ಮಾವ ಕೇಳಿಸಿಕೊಳ್ಳುವ ಹಾಗೆ ಅವರು ಕೇಳಿಸಿಕೊಂಡರು. "ಎಲ್ಲ ಗೊತ್ತೈತೆ ಬುಡಿ" ಎಂದು ಪಂಪನ್ನು ಜೇಬಿಗೆ ಹಾಕಿಕೊಂಡು ಹೊರಟರು. ಕೂಲಂಟ್ ತೆಗೆದುಕೊಳ್ಳಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಹೇಗೂ ವಾಪಸ್ ಬರುತ್ತಾರೆ.

ಶುಕ್ರವಾರ ಕಳೆದದ್ದು ಹಳೆಯ ಪಂಪು ಕೀಳುವುದರಲ್ಲಿ. ಶನಿವಾರ ಬೆಳಿಗ್ಗೆ ಹೊಸ ಪಂಪಿಗೆ ಅರಿಶಿನ ಕುಂಕುಮ ಬಳಿದು, ಊದಿನಕಡ್ಡಿ ಹಚ್ಚಿ, ತೆಂಗಿನಕಾಯಿ ಒಡೆದರು. ಬೋರ್‌ವೆಲ್ಲಿಗೆ ಮಾಡುವ ಪೂಜೆಯಲ್ಲಿ ಒಂದಂಶವನ್ನೂ ಬಿಡಲಿಲ್ಲ. ಆಮೇಲೆ ಅಟ್ಟದಿಂದ ಬೋರಿನ ಕಾಲದ ಪೈಪು ರೆಂಚು ಇಳಿಸಿದರು. ಅದು ನನ್ನ ತೋಳಿನಷ್ಟು ಉದ್ದ. ಕಾರಿನ ಬೋಲ್ಟು ನನ್ನ ಕಿರುಬೆರಳಿನಷ್ಟು. ಹನ್ನೊಂದು ಗಂಟೆಗೆ ಅವರು ಎರಡನೆಯ ಸಲ ಅಂಗಡಿಗೆ ಬಂದರು.

"ಬೋಲ್ಟು ಮುರೀತಾ ಅಣ್ಣ?"

"ಮುರೀಲಿಲ್ಲ. ತಾನಾಗೇ ಎರಡಾಯ್ತು."

ಹನ್ನೆರಡೂವರೆಗೆ ಮೂರನೆಯ ಸಲ ಬಂದರು. ಗ್ಯಾಸ್ಕೆಟ್ ಹರಿದಿತ್ತು. ಹಳೆಯದನ್ನು ಕೆರೆದಿರಾ ಎಂದು ಕೇಳಿದೆ. "ಅದು ಇನ್ನೂ ಗಟ್ಟಿ ಐತೆ. ಇದ್ದೋಗ್ಲಿ ಅಂತ ಬುಟ್ಟೆ, ಜೊತೆಗಾಯ್ತದೆ" ಎಂದರು. ಮೂರು ಗಂಟೆಗೆ ಮತ್ತೆ ರಸ್ತೆ ದಾಟಿ ಬಂದರು, ಕೊಳ್ಳುವುದಕ್ಕಲ್ಲ, ನನ್ನನ್ನು ಕರೆಯುವುದಕ್ಕೆ. "ಬನ್ನಿ ಶೆಟ್ರೇ. ಇಂಚು ನೋಡನ."

"ಯಾವ ಇಂಚು?"

"ನೀರಿಂದು! ಬಾಯಿ ಕಟ್ಟಿದ ಪಂಪು ಎಷ್ಟು ನೀರ್ ಕೊಡ್ತದೆ ಅಂತ ಯಾರಿಗ್ ಗೊತ್ತಾಯ್ತದೆ? ಡೆಲಿವರಿ ನೋಡ್ದೆ ಪಂಪು ಒಪ್ಕೊಳ್ಳೋದುಂಟಾ?"

ಹೋಗಿ ನೋಡಿದರೆ, ಎಂಜಿನ್ನಿಂದ ರೇಡಿಯೇಟರ್‌ಗೆ ಹೋಗುವ ಮೇಲಿನ ರಬ್ಬರ್ ಪೈಪನ್ನು ಕಿತ್ತು, ಅದರ ಬಾಯನ್ನು ಅಂಗಳದ ಕಡೆ ತಿರುಗಿಸಿ, ದಾರದಲ್ಲಿ ಕಟ್ಟಿದ್ದರು. ಪೈಪಿನ ಕೆಳಗೆ ಬಾಳೆ ಎಲೆಯ ಮೇಲೆ ಕರ್ಪೂರವೂ ಇತ್ತು. ರೂಮಿನ ಹುಡುಗರು ಮಹಡಿಯ ಕಂಬಿಗೆ ಸಾಲಾಗಿ ಆತುಕೊಂಡಿದ್ದರು. ಮೇಸ್ತ್ರಿ ನಲ್ಲಪ್ಪ ಮರಳು ಎಲ್ಲಿ ಸುರಿಸುವುದು ಎಂದು ನೋಡಲು ಬಂದವನು, ಬಿಳಿ ಅಂಗಿ ತೊಟ್ಟುಕೊಂಡು ಸರಿಯಾಗಿ ಪೈಪಿನ ಎದುರಿಗೆ ಬಗ್ಗಿ ನೋಡುತ್ತಿದ್ದ. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದುಕೊಂಡೆ.

ಚಿಕ್ಕಮುನಿಯಪ್ಪ ಕೀಲಿ ತಿರುಗಿಸಿ ಆಕ್ಸಿಲರೇಟರ್ ತುಳಿದರು. ತಣ್ಣಗಿನ, ತುಕ್ಕುಗೆಂಪಿನ ನೀರು ಭರ್ರೆಂದು ಬಂದು ನಲ್ಲಪ್ಪನ ಎದೆಯ ಮೇಲೆ ಬಿತ್ತು. ಅವನು ಹಿಂದೆ ಸರಿದಂತೆಲ್ಲ ಅದೂ ಮುಂದೆ ಮುಂದೆ ಬಂತು.

"ಒಂದೂವರೆ ಇಂಚು!" ಚಿಕ್ಕಮುನಿಯಪ್ಪ ಕಾರಿನೊಳಗಿಂದಲೇ ಕೂಗಿದರು. ಕಣ್ಣಲ್ಲಿ ನೀರು. "ನೋಡ್ದೇನೇ ಸೊಣ್ಣಿ? ಒಂದೂವರೆ ಇಂಚು!"

"ಕಾಣ್ತದೆ, ಮೇಸ್ತ್ರಿ ಎದೆ ಮೇಲೆ ಬರ್ಕೊಂಡವ್ನೆ" ಎಂದರು ಸೊಣ್ಣಮ್ಮ.

ಪೈಪನ್ನು ವಾಪಸ್ ಜೋಡಿಸಿ ನೀರು ತುಂಬಿದ ಮೇಲೆ ನಿಜವಾದ ತೊಂದರೆ ಗೊತ್ತಾಯಿತು. ಪಂಪು ಕೂತ ಜಾಗದಿಂದ ಹನಿ. ತೊಟ್, ತೊಟ್. ಹಳೆಯ ಗ್ಯಾಸ್ಕೆಟ್ಟಿನ ಮೇಲೆ ಹೊಸದು ಕೂತರೆ ಇನ್ನೇನಾಗುತ್ತದೆ? ಎಲ್ಲ ಬಿಚ್ಚಿ, ಕೆರೆದು, ಮತ್ತೆ ಹಾಕಬೇಕು ಎಂದೆ. ಅವರು ಗೇಟಿನ ಕಡೆ ನೋಡಿದರು, ಆಮೇಲೆ ಅಳತೆ ಟೇಪು ಹಿಡಿದ ಒದ್ದೆ ನಲ್ಲಪ್ಪನ ಕಡೆ ನೋಡಿದರು. ಬಿಚ್ಚುವುದಕ್ಕೇ ಒಂದು ದಿನ ಹಿಡಿದಿತ್ತು. ಇನ್ನೊಂದು ದಿನ ಅವರ ಹತ್ತಿರ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಬಕೆಟ್ ಹಿಡಿದು ಬಸಮ್ಮನ ಮನೆ ಕಡೆ ಹೋಗುವುದು ಕಾಣಿಸಿತು. ಬಸಮ್ಮ ನಮ್ಮ ಬೀದಿಯಲ್ಲಿ ಇನ್ನೂ ಹಸು ಸಾಕಿರುವ ಒಬ್ಬಳೇ ಹೆಂಗಸು. ಅವಳ ದನಿ ನನ್ನ ಅಂಗಡಿಯವರೆಗೂ ಕೇಳುತ್ತದೆ.

"ಏನಣ್ಣೋ, ಸಗಣಿ ಯಾಕೆ? ಮನೇಲಿ ಏನಾರ ಪುಣ್ಯಾರ್ಚನೇನಾ?"

"ಮನೆಗಲ್ಲ ಕಣಮ್ಮ. ಕಾರಿಗೆ."

"ಓ, ದಿಷ್ಟಿ ಆಗೈತಾ!" ಎಂದು ಬಸಮ್ಮ ಒಂದು ಹಿಡಿ ಹೆಚ್ಚಾಗಿಯೇ ಹಾಕಿದಳು.

ನಾನೂ ದೃಷ್ಟಿ ತೆಗೆಯುವುದಕ್ಕೇ ಇರಬೇಕು ಎಂದುಕೊಂಡೆ. ನಿಜ ಸಂಗತಿ ನನಗೆ ಗೊತ್ತಾದದ್ದು ಆಮೇಲೆ, ಅದು ಬಾವಿ ಪಂಪು ಕಂಡವರಿಗೆ ಮಾತ್ರ ಹೊಳೆಯುವಂಥದ್ದು. ಹಿಂದೆ ಬಾವಿಯ ತಳದಲ್ಲಿರುವ ಫುಟ್‌ವಾಲ್ವ್ ಸೋರಿ ಪಂಪು ನೀರು ಹಿಡಿಯದೆ ಹೋದರೆ, ಯಾರೂ ಬಾವಿಗೆ ಇಳಿಯುತ್ತಿರಲಿಲ್ಲ. ಸಗಣಿ ಕದಡಿದ ನೀರನ್ನು ಮೇಲಿನಿಂದ ಪೈಪಿಗೆ ಸುರಿಯುತ್ತಿದ್ದರು. ಅದರ ನಾರು ಹೋಗಿ ಸಂದಿಯಲ್ಲಿ ಕೂತು ಸೋರುವುದು ನಿಲ್ಲುತ್ತಿತ್ತು. ಚಿಕ್ಕಮುನಿಯಪ್ಪ ಈ ವಿದ್ಯೆಯಲ್ಲಿ ಏಳೂರಿಗೆ ಗುರು. ಒಂದು ಬಕೆಟ್ ಸಗಣಿ ನೀರನ್ನು ಸೊಣ್ಣಮ್ಮನ ಹಿಟ್ಟಿನ ಜರಡಿಯಲ್ಲಿ ಸೋಸಿ, ರೇಡಿಯೇಟರ್‌ಗೆ ತುಂಬಿ, ಮುಚ್ಚಳ ತಿರುಗಿಸಿ, ಕೈ ಮುಗಿದರು.

ಭಾನುವಾರ ಒಂಬತ್ತೂವರೆಗೇ ಕಾರು ಸ್ಟಾರ್ಟ್ ಆಗಿತ್ತು. ಸೊಣ್ಣಮ್ಮ ಸ್ನಾನ ಮುಗಿಸಿ, ಹೂವು ಮುಡಿದು ಬರುವವರೆಗೆ ಚಿಕ್ಕಮುನಿಯಪ್ಪ ಎಂಜಿನ್ ಗೊರ್ ಗೊರ್ ಅನಿಸುತ್ತಲೇ ಇದ್ದರು. ನಲ್ಲಪ್ಪನೂ ಬಂದ. ಈ ಸಲ ಕರಿ ಅಂಗಿ. ನಾನು ಬಗ್ಗಿ ಕಾರಿನ ಕೆಳಗೆ ನೋಡಿದೆ. ಒಂದೇ ಒಂದು ಹನಿಯಿಲ್ಲ! ನೆಲ ಒಣಗಿ ನಗುತ್ತಿತ್ತು. "ನಮ್ಮ ಗ್ಯಾಸ್ಕೆಟ್ಟೆಂದರೆ ಹಾಗೆ" ಎಂದು ನಾನು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿಯೂಬಿಟ್ಟೆ.

ಹತ್ತಕ್ಕೆ ಒಂಬತ್ತು ನಿಮಿಷ ಇರುವಾಗ ಕಾರು ಹೊರಟಿತು. ಶೆಡ್ಡು ದಾಟಿತು, ತುಳಸಿಕಟ್ಟೆ ದಾಟಿತು, ಗೇಟೂ ದಾಟಿತು. ಮಹಡಿಯ ಮೇಲಿನ ಹುಡುಗರು ಶಿಳ್ಳೆ ಹೊಡೆದರು. ಚಿಕ್ಕಮುನಿಯಪ್ಪ ಕಿಟಕಿಯಿಂದ ಕೈ ಬೀಸುತ್ತಾ ರಸ್ತೆ ದಾಟಿ ನನ್ನ ಅಂಗಡಿಯ ಮುಂದೆ ಬಂದರು. ಅಲ್ಲಿಗೆ ಬರುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ. ಸಗಣಿ ಸೋರುವ ಸಂದಿಯನ್ನು ಮುಚ್ಚಿತ್ತು ನಿಜ. ಅಷ್ಟಕ್ಕೇ ನಿಲ್ಲಿಸದೆ ರೇಡಿಯೇಟರಿನ ಸಣ್ಣ ಸಣ್ಣ ನಾಳಗಳನ್ನೂ ಮುಚ್ಚಿತ್ತು. ಗಾಡಿ ಆಫ್ ಮಾಡಿ ಅವರು ಈ ವಯಸ್ಸಿನಲ್ಲಿ ಓಡಬಾರದ ಓಟ ಓಡಿದರು. ಹಿಂದೆಯೇ ಬಂದಿದ್ದ ನಾನು ಕೌಂಟರಿನ ಹಿಂದೆ ಅಡಗಿ ಕೂತೆ. ಬುಸ್ಸೆಂದು ಸದ್ದಾಯಿತು, ಮುಚ್ಚಳ ಹಾರಿತು. ಹಸಿರು ಹಳದಿ ನೀರು ಬಾನೆಟ್ಟಿನ ಅಡಿಯಿಂದ ಎಲ್ಲ ಕಡೆಗೂ ಒಂದೇ ಸಮ ಎರಚಿ, ನನ್ನ ಅಂಗಡಿಯ ಮುಂದೆ ಒಂದು ಅರ್ಧಚಂದ್ರ ಬರೆಯಿತು.

ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ ಬಸಮ್ಮ ನಿಂತು ನೋಡಿದಳು. "ಅಯ್ಯೋ, ಶೆಟ್ರ ಅಂಗಡಿ ಮುಂದೆ ಎಷ್ಟು ಲಕ್ಷಣವಾಗಿ ಸಗಣಿ ನೀರ್ ಆಕವ್ರೆ! ಒಂದೆಳೆ ರಂಗೋಲಿ ಬುಟ್ಬುಡಿ."

ಚಿಕ್ಕಮುನಿಯಪ್ಪನವರಿಗೆ ಅದೆಲ್ಲ ಬೇಕಿರಲಿಲ್ಲ. ಅವರು ಗೇಟಿನ ಕಡೆ ತಿರುಗಿ ಎರಡೂ ಕೈ ಎತ್ತಿದರು. "ಲೇ! ದಾಟ್ತಾ ಇಲ್ವಾ? ಅತ್ತಕ್ಕೆ ಇನ್ನೂ ಆರು ನಿಮಿಷ ಐತೆ!"

"ದಾಟ್ತು. ಯಾರು ಇಲ್ಲ ಅಂದೋರು?" ಎಂದ ಸೊಣ್ಣಮ್ಮ ಗೇಟು ಎಳೆದು ಚಿಲಕ ಹಾಕಿದರು. "ನಲ್ಲಪ್ಪ, ಜಾಗ ಖಾಲಿ ಆಯ್ತು. ಟೇಪ್ ಇಡಿ."

"ಏನೇ, ಗೆದ್ದೋನು ನಾನು!"

"ನೀವೇ ಗೆದ್ದಿದ್ದು. ಗುಜರಿಗೆ ಆಕಲ್ಲ ಅಂದೆ, ಆಕಲ್ಲ. ವಾಪಸ್ ಒಳಕ್ಕೆ ಬುಟ್ಕೊತೀನಿ ಅಂದಿದ್ನಾ? ಶೆಟ್ರನ್ನೇ ಕೇಳಿ."

ಗುರುವಾರದ ಮಾತನ್ನು ನೆನಪು ಮಾಡಿಕೊಂಡು ನೋಡಿದೆ. ಅಂದಿರಲಿಲ್ಲ. ತುಮಕೂರು ರಸ್ತೆಯ ಎಲ್ಲ ಸೈಟ್ ಬ್ರೋಕರುಗಳನ್ನೂ ನಾನು ಬಲ್ಲೆ. ಅವರಲ್ಲಿ ಯಾರಿಗೂ ಈ ಕೈಚಳಕವಿಲ್ಲ.

ನಲ್ಲಪ್ಪ ಹತ್ತೇ ದಿನದಲ್ಲಿ ರೂಮು ಎಬ್ಬಿಸಿದ. ಬಹಳ ಉತ್ಸಾಹದಿಂದ ಕೆಲಸ ಮಾಡಿದ. ಇತ್ತ ರೇಡಿಯೇಟರ್ ಬಿಚ್ಚಿ ಪೈಪು ಹಿಡಿದು ತೊಳೆಯಲು ಮೂರು ದಿನ ಬೇಕಾಯಿತು. ಒಳಗಿನಿಂದ ಬಂದ ಹುಲ್ಲಿನ ಚೂರು ನೋಡಿ, ಬಸಮ್ಮನ ಹಸು ಸರಿಯಾಗಿ ಮೆಲುಕು ಹಾಕುವುದಿಲ್ಲ ಎಂದು ನಮಗೆ ಗೊತ್ತಾಯಿತು. ಆಮೇಲೆ ಚಿಕ್ಕಮುನಿಯಪ್ಪ ಪಂಪನ್ನು ಮತ್ತೆ ಬಿಚ್ಚಿದರು. ಹಳೆಯ ಗ್ಯಾಸ್ಕೆಟ್ಟನ್ನು ಬ್ಲೇಡಿನಲ್ಲಿ ಕೆರೆದರು. ಸಣ್ಣ ಸ್ಪ್ಯಾನರ್ ಕೊಂಡು, ಎದುರು ಬದುರು ಬೋಲ್ಟುಗಳನ್ನು ಕೂಸಿಗೆ ಗುಂಡಿ ಹಾಕುವ ಹಾಗೆ ಬಿಗಿ ಮಾಡಿದರು. ಕೂಲಂಟನ್ನೂ ಕೊಂಡರು. ಒಟ್ಟು ಏಳು ಸಲ ಬಂದರು. ಅದು ನನ್ನ ಅಂಗಡಿಯ ದಾಖಲೆ. ಗಾಡಿ ಈಗ ಒಂದು ಹನಿ ಸೋರುವುದಿಲ್ಲ, ಕೀಂ ಎನ್ನುವುದಿಲ್ಲ.

ಅದು ನಿಲ್ಲುವುದು ನನ್ನ ಅಂಗಡಿ ಪಕ್ಕದ ಹೊಂಗೆ ಮರದ ಕೆಳಗೆ. ಸಾಯಂಕಾಲ ಐದಾದರೆ ಗಾಜು ಏರುತ್ತದೆ, ರೇಡಿಯೋ ಹತ್ತುತ್ತದೆ. ಮನೆಗಿಂತ ಇದೇ ವಾಸಿ, ರಸ್ತೆ ದಾಟಿ ಯಾರೂ ಹುಡುಕಿಕೊಂಡು ಬರುವುದಿಲ್ಲ ಎಂದು ಅವರು ನನಗೆ ಗುಟ್ಟಾಗಿ ಹೇಳಿದರು.

ಹೋದ ವಾರ ಆರು ಗಂಟೆಯ ಹೊತ್ತಿಗೆ ಸೊಣ್ಣಮ್ಮ ಸರಸರನೆ ರಸ್ತೆ ದಾಟಿ ಬಂದು ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು.

"ಇಲ್ಲಿಗ್ಯಾಕೆ ಬಂದೆ?"

"ಅತ್ತೊಂಬತ್ತನೇ ರೂಮಿನೋನು. ಆ ಹೊಸ ರೂಮಲ್ಲಿ ನಲ್ಲೀಲಿ ನೀರ್ ಬರ್ತಿಲ್ಲ ಅಂತ ಬಾಗ್ಲು ಬಡೀತಾವ್ನೆ. ಬಗ್ಗಿ ಕೂತ್ಕೊಳ್ಳಿ, ಕಾಣ್ತೀರಾ."

"ಇಲ್ಲಿ ಕೂತ್ರೆ ಬಾಡಿಗೆ ಆಯ್ತದೆ."

"ಆ ಕಡ್ಲೇಕಾಯಿ ಇತ್ಲಾಗ್ ಕೊಡಿ ಮೊದ್ಲು."

ಗಾಜು ಮೇಲೇರಿತು. ಎರಡು ನಿಮಿಷಕ್ಕೆ ಆ ಹೊಸ ರೂಮಿನ ಹುಡುಗ ಕೈಯಲ್ಲಿ ಖಾಲಿ ಬಕೆಟ್ ಹಿಡಿದು ಅಂಗಡಿಗೆ ಬಂದ. "ಅಣ್ಣ, ಓನರ್ ಆಂಟಿ ನೋಡಿದ್ರಾ?"

ನಾನು ಹೊಂಗೆ ಮರದ ಕಡೆ ತಿರುಗಲಿಲ್ಲ. "ಇಲ್ಲಪ್ಪ" ಎಂದೆ.

ಹುಡುಗ ಹೋದ ಮೇಲೆ ಹಿಂದಿನ ಕಿಟಕಿಯ ಗಾಜು ಒಂದೂವರೆ ಇಂಚು ಇಳಿಯಿತು, ಒಂದು ಹಿಡಿ ಸಿಪ್ಪೆ ಹೊರಗೆ ಬಿತ್ತು, ಗಾಜು ಮತ್ತೆ ಮೇಲೇರಿತು.